ಕಾರಿನ ಎ.ಸಿ.ಗೆ ಎಷ್ಟು ಗ್ರಾಂ ಗ್ಯಾಸ್? ಬಿಲ್ಲಿನಲ್ಲಿ ಬರೆಯಲಿ

ಮಾನ್ಯ ಸಂಪಾದಕರೇ,

ನಾನು ಸರಕಾರಿ ಜೀಪು ಓಡಿಸಿ ನಿವೃತ್ತನಾದವನು. ಮನೆಯಲ್ಲಿ 1988ರ ಅಂಬಾಸಿಡರ್ ಇದೆ, ಹರಾಜಿನಲ್ಲಿ ಹಿಡಿದದ್ದು. ಅದರ 1489 ಸಿಸಿ ಎಂಜಿನ್ ಹೊಗೆ ಉಗುಳಲು ಶುರು ಮಾಡಿತು. ಕಳೆದ ವರ್ಷ ಗುಜರಿಗೆ ಬಂದಿದ್ದ ಇನ್ನೊಂದು ಅಂಬಾಸಿಡರ್‌ನ 1817 ಸಿಸಿ ಇಸುಜು ಎಂಜಿನ್ ತಂದು ಕೂರಿಸಿದೆ. ಮೊದಲೇ ಆರ್‌ಟಿಒ ಅನುಮತಿ ಪಡೆದು, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಬರೆಸಿಕೊಂಡೆ. (ಇದನ್ನು ಬಿಟ್ಟವರಿಗೆ ವಿಮೆ ಹಣ ಕೇಳಲು ಹೋದಾಗ ಗೊತ್ತಾಗುತ್ತದೆ.) ಅದೆಲ್ಲ ಸಲೀಸಾಗಿ ಆಯಿತು. ತಲೆನೋವು ಬಂದದ್ದು ಎ.ಸಿ.ಯಿಂದ.

ಈ ಕಾರಿಗೆ ತೊಂಬತ್ತರ ದಶಕದಲ್ಲೇ ಯಾರೋ ಡ್ಯಾಶ್‌ಬೋರ್ಡ್ ಕೆಳಗೆ ಎ.ಸಿ. ಕೂರಿಸಿದ್ದರು. ಅದರ ಕಂಪ್ರೆಸರನ್ನು (ಗ್ಯಾಸ್ ಒತ್ತಿ ಸುತ್ತಿಸುವ ಪಂಪು) ಎಂಜಿನ್ನಿಗೆ ಹಿಡಿಸುವ ಬ್ರಾಕೆಟ್ ಹೊಸ ಎಂಜಿನ್ನಿಗೆ ಹೊಂದಲಿಲ್ಲ. ನಮ್ಮ ವಿಜಯಪುರದ ಒಂದು ಗ್ಯಾರೇಜಿನಲ್ಲಿ ಕಬ್ಬಿಣದ ಪಟ್ಟಿ ವೆಲ್ಡಿಂಗ್ ಮಾಡಿ ಕೂರಿಸಿದರು. ಅದರ ಪುಲ್ಲಿ, ಅಂದರೆ ಬೆಲ್ಟು ಸುತ್ತುವ ಗಾಲಿ, ಎಂಜಿನ್ ಪುಲ್ಲಿಗಿಂತ ಅರ್ಧ ಬೆರಳು ಮುಂದೆ ನಿಂತಿತು. ಬೆಲ್ಟು ಚೀರತೊಡಗಿ, ಹತ್ತೇ ದಿನಕ್ಕೆ ಹರಿಯಿತು. ‘ಬೆಲ್ಟ್ ಕಂಪನಿ ಛಲೋ ಇಲ್ಲರೀ’ ಅಂದರು. ಎ.ಸಿ. ಹಾಕಿಕೊಂಡು ಗಾಂಧಿ ಚೌಕದಲ್ಲಿ ನಿಂತರೆ ಎಂಜಿನ್ ಬಂದ್ ಆಗುತ್ತಿತ್ತು. ಹಿಂದಿನವರ ಹಾರ್ನ್ ಕೇಳಬೇಕಿತ್ತು ನೀವು.

ಆಮೇಲೆ ಎ.ಸಿ.ಯನ್ನು ತಂಪು ಮಾಡುವ ಗ್ಯಾಸಿನ ಕತೆ. ತುಂಬಿಸಿದರೆ ಹದಿನೈದು ದಿನ ತಂಪು, ಮುಂದೆ ಬರೀ ಫ್ಯಾನ್ ಗಾಳಿ. ಮೇ ತಿಂಗಳ ಬಿಸಿಲಿನಲ್ಲಿ ನನ್ನಾಕೆ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕೂರುತ್ತಿದ್ದಳು. ‘ಗ್ಯಾಸ್ ಕಡಿಮಿ ಆಗೇದರೀ, ತುಂಬಸೂಣು’ ಅನ್ನುವುದೊಂದೇ ಉತ್ತರ. ಹೀಗೆ ಮೂರು ಸಲ. ಪ್ರತಿ ಸಲವೂ ಉಳಿದದ್ದನ್ನು ಸುಸ್ ಅಂತ ಗಾಳಿಗೆ ಬಿಟ್ಟರು. ಮೀಟರಿನ ಮುಳ್ಳು ನೋಡಿ ಅಂದಾಜಿಗೆ ಹೊಸದು ಹಾಕಿದರು. ಬಿಲ್ಲಿನಲ್ಲಿ ‘ಗ್ಯಾಸ್ ಚಾರ್ಜ್’ ಅಂತ ಎರಡೇ ಶಬ್ದ.

ಈ ಗ್ಯಾಸ್ ಪೆಟ್ರೋಲಿನಂತೆ ಸುಟ್ಟು ಮುಗಿಯುವುದಲ್ಲ. ಒಳಗೇ ಸುತ್ತುತ್ತಿರುತ್ತದೆ. ಹದಿನೈದು ದಿನಕ್ಕೆ ಕಡಿಮೆಯಾಯಿತು ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ, ಅಲ್ವಾ?

ಕೊನೆಗೆ ಸೊಲ್ಲಾಪುರದ ವಯಸ್ಸಾದ ಮೇಸ್ತ್ರಿಯೊಬ್ಬರ ಹತ್ತಿರ ಹೋದೆ. ಅವರು ಗ್ಯಾಸಿನ ಮಾತೇ ಎತ್ತಲಿಲ್ಲ. ನೈಟ್ರೋಜನ್ ತುಂಬಿ, ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ ನೋಡಿದರು. ರಬ್ಬರ್ ಪೈಪುಗಳು ಹಳೆಯ ಆರ್-12 ಗ್ಯಾಸಿನ ಕಾಲದವು. ಈಗಿನ ಆರ್-134ಎ ಅಂಥ ರಬ್ಬರಿನಲ್ಲಿ ನಿಲ್ಲುವುದಿಲ್ಲ, ಜಿನುಗಿ ಹೋಗುತ್ತದೆ. ಹಳೆಯ ಎಣ್ಣೆಯೂ ಈ ಗ್ಯಾಸಿನ ಜೊತೆ ಬೆರೆಯುವುದಿಲ್ಲ, ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ. ಅವರು ಒಳಗನ್ನೆಲ್ಲ ತೊಳೆದು, ಪೈಪು, ತೇವ ಹೀರುವ ಡ್ರೈಯರ್, ಎಣ್ಣೆ ಬದಲಿಸಿದರು. ಬ್ರಾಕೆಟ್ ಕತ್ತರಿಸಿ, ಎರಡೂ ಪುಲ್ಲಿಗಳ ಮೇಲೆ ನೆಟ್ಟಗಿನ ಸರಳು ಇಟ್ಟು ನೋಡಿ ಹೊಸದಾಗಿ ಕೂರಿಸಿದರು. ಎ.ಸಿ. ಹಾಕಿದಾಗ ಎಂಜಿನ್ ಓಟ ಸ್ವಲ್ಪ ಏರುವಂತೆ ಕಾರ್ಬ್ಯುರೇಟರಿಗೆ ಒಂದು ಸಣ್ಣ ವಾಲ್ವ್ ಜೋಡಿಸಿದರು. ಒಳಗಿನ ಗಾಳಿ, ತೇವ ಎಳೆದು ತೆಗೆಯಲು ಮುಕ್ಕಾಲು ಗಂಟೆ ವ್ಯಾಕ್ಯೂಮ್ ಪಂಪ್ ಓಡಿಸಿದ ಮೇಲೆಯೇ ಸಿಲಿಂಡರನ್ನು ತಕ್ಕಡಿ ಮೇಲಿಟ್ಟರು. ಸರಿಯಾಗಿ 650 ಗ್ರಾಂ.

ಖರ್ಚು ಜಾಸ್ತಿಯೇ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಈ ಬೇಸಿಗೆಯೂ ಅದೇ ಗ್ಯಾಸಿನಲ್ಲಿ ಕಳೆಯಿತು.

ಆರ್-134ಎ ಇಂಗಾಲದ ಡೈಆಕ್ಸೈಡ್‌ಗಿಂತ 1430 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಇಂಥ ಗ್ಯಾಸುಗಳನ್ನು ಕಡಿಮೆ ಮಾಡುವ ಕಿಗಾಲಿ ಒಪ್ಪಂದವನ್ನು ಭಾರತ 2021ರಲ್ಲಿ ಒಪ್ಪಿಕೊಂಡಿದೆ. 650 ಗ್ರಾಂ ಗಾಳಿಗೆ ಬಿಟ್ಟರೆ 900 ಕಿಲೋಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ. ನನ್ನ ಮೂರು ಸಲದ ಲೆಕ್ಕ ಹಾಕೋಣ ಅಂದರೆ ಯಾರೂ ತೂಗಿಯೇ ಇಲ್ಲ.

ಟೊಮೆಟೊ ಮಾರುವವಳ ತಕ್ಕಡಿಗೂ ಸರಕಾರದ ಮುದ್ರೆ ಬೇಕು. ತೂಕ ಮತ್ತು ಅಳತೆಯ ಅಧಿಕಾರಿಗಳು ಕಾರಿನ ಎ.ಸಿ. ಅಂಗಡಿಗಳಿಗೂ ಒಮ್ಮೆ ಹೋಗಿ ಬರಲಿ. ಎಷ್ಟು ಗ್ರಾಂ ತೆಗೆದೆವು, ಎಷ್ಟು ಗ್ರಾಂ ಹಾಕಿದೆವು ಅಂತ ಬಿಲ್ಲಿನಲ್ಲಿ ಬರೆಯುವುದು ಕಡ್ಡಾಯವಾಗಲಿ. ತೆಗೆದದ್ದನ್ನು ಬರೆಯಬೇಕಾದರೆ ಗಾಳಿಗೆ ಬಿಡುವಂತಿಲ್ಲ, ಹಿಡಿದಿಡುವ ಯಂತ್ರ ತರಲೇಬೇಕಾಗುತ್ತದೆ. ಸೊಲ್ಲಾಪುರದ ಮೇಸ್ತ್ರಿ ಕೊಟ್ಟ ಚೀಟಿಯಲ್ಲಿ ಗ್ರಾಂ ಲೆಕ್ಕವಿದೆ. ಅಂಥದೊಂದು ಚೀಟಿಗಾಗಿ ನಾನು ನೂರು ಕಿಲೋಮೀಟರ್ ಹೋಗಬೇಕಾಯಿತು.

– ನಿವೃತ್ತ ಚಾಲಕ, ವಿಜಯಪುರ