ಈ ವಾರದ ಚರ್ಚೆ: ಮತ್ತೆ ಮತ್ತೆ ಬರುವ ಹಾಸ್ಯಪಾತ್ರಗಳು

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಈ ವಾರದ ಚರ್ಚೆಯನ್ನು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1967ರಿಂದ 1978ರವರೆಗೆ ಪ್ರಸಾರವಾದ ‘ದಿ ಕ್ಯಾರಲ್ ಬರ್ನೆಟ್ ಶೋ’ ಕಾರ್ಯಕ್ರಮದ ಕಿರುಪ್ರಹಸನಗಳಿಗೆ, ಅದರಲ್ಲೂ ಮತ್ತೆ ಮತ್ತೆ ಬರುವ ಪಾತ್ರಗಳಿಗೆ ಸೀಮಿತಗೊಳಿಸಬೇಕೆಂದು ಕೋರುತ್ತೇನೆ. ಬಿಡುವಿಲ್ಲದವರು ಕಚೇರಿಯ ಯಜಮಾನ ಟಡ್‌ಬಾಲ್ ಮತ್ತು ಅವನ ಕಾರ್ಯದರ್ಶಿ ವಿಗಿನ್ಸ್ ಜೋಡಿಯ ಒಂದೆರಡು ತುಣುಕುಗಳನ್ನಾದರೂ ನೋಡಿ ಬನ್ನಿ.

ಬರ್ನೆಟ್ ಮಾಡುತ್ತಿದ್ದ ವಿಗಿನ್ಸ್ ಪಾತ್ರವನ್ನು ಮೊದಲು ವಯಸ್ಸಾದ ಕಾರ್ಯದರ್ಶಿಯಾಗಿ ಕಲ್ಪಿಸಲಾಗಿತ್ತು. ಅವಳನ್ನು ಬಿಗಿಯುಡುಪಿನ, ಸದಾ ಉಗುರುಗಳ ಆರೈಕೆಯಲ್ಲೇ ಮುಳುಗಿರುವ ಹೆಣ್ಣಾಗಿ ಬದಲಿಸಿದವರು ವಸ್ತ್ರವಿನ್ಯಾಸಕ ಬಾಬ್ ಮ್ಯಾಕಿ. ಅವರು ತಂದ ಲಂಗ ಹಿಂಬದಿಯಲ್ಲಿ ಜೋಲುತ್ತಿತ್ತು. ಅದನ್ನು ಹೊಲಿದು ಸರಿಪಡಿಸುವ ಬದಲು, ಆ ಜಾಗ ತುಂಬುವಂತೆ ಹಿಂಭಾಗವನ್ನು ಹೊರಚಾಚಿ ನಿಲ್ಲುವಂತೆ ಅವರು ಬರ್ನೆಟ್ ಅವರಿಗೆ ಸೂಚಿಸಿದರು. ಆ ವಿಚಿತ್ರ ನಡಿಗೆ ಹುಟ್ಟಿದ್ದು ಹೀಗೆ. ಇಂಟರ್‌ಕಾಮ್ ಬಳಸುವ ಬಗೆಯನ್ನು ಟಡ್‌ಬಾಲ್ (ಟಿಮ್ ಕಾನ್ವೇ) ಎಷ್ಟು ಸಲ ಹೇಳಿಕೊಟ್ಟರೂ ಅವಳಿಗೆ ಅದು ತಲೆಗೆ ಹತ್ತುವುದಿಲ್ಲ. ಹತ್ತುವುದಿಲ್ಲವೆಂದು ನಮಗೆ ಮೊದಲೇ ಗೊತ್ತಿರುವುದರಿಂದಲೇ ನಗು ಬರುತ್ತದೆ.

ಯೂನಿಸ್ ಮತ್ತು ಅವಳ ತಾಯಿಯ ಪ್ರಹಸನಗಳು ಇದಕ್ಕಿಂತ ಕಹಿಯಾದವು, ನನ್ನ ಮಟ್ಟಿಗೆ ಇನ್ನೂ ಉತ್ತಮವಾದವು. ತಾಯಿಯ ಪಾತ್ರ ಮಾಡಿದ ವಿಕಿ ಲಾರೆನ್ಸ್ ‘ಮಗಳು’ ಬರ್ನೆಟ್‌ಗಿಂತ 16 ವರ್ಷ ಚಿಕ್ಕವರು ಎಂಬುದನ್ನು ನೆನಪಿಟ್ಟುಕೊಂಡು ನೋಡಿ. ಆ ಪಾತ್ರ 1983ರಲ್ಲಿ ಪ್ರತ್ಯೇಕ ಧಾರಾವಾಹಿಯಾಗಿಯೂ ಬೆಳೆಯಿತು.

ದಂತವೈದ್ಯರ ಪ್ರಹಸನದಲ್ಲಿ ಸಹನಟ ಹಾರ್ವೆ ಕಾರ್ಮನ್ ನಗು ತಡೆಯಲಾರದೆ ಒದ್ದಾಡುವುದು ಎಲ್ಲರಿಗೂ ಪ್ರಿಯವೇ, ಆದರೆ ಅದನ್ನು ದಯವಿಟ್ಟು ಬೇರೊಂದು ವಾರಕ್ಕೆ ಉಳಿಸಿಕೊಳ್ಳಿ.