ಹೊಟ್ಟೆ ಸುಮ್ಮನಾಯ್ತು ಅಂತ ಮಾತ್ರೆ ಬಿಡಬೇಡ

ಪುಟ್ಟಾ,

ಮೂರು ವಾರದಿಂದ ನೀನು ಕರುಳಿನ ಉರಿಯೂತ ತಗ್ಗಿಸುವ ಮೆಸಲಮಿನ್ ಮಾತ್ರೆ ನುಂಗುತ್ತಿಲ್ಲ ಅಂತ ನಿನ್ನೆ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ರಕ್ತ ನಿಂತಿದೆ, ನೋವಿಲ್ಲ, ಇನ್ಯಾಕೆ ಮಾತ್ರೆ ಅಂದೆಯಂತೆ. ಕೇಳಿ ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ನಾನೂ ಹಾಗೇ ಅಂದಿದ್ದೆ. ನಿನಗಿರುವ ಇದೇ ಅಲ್ಸರೇಟಿವ್ ಕೊಲೈಟಿಸ್, ಅದೇ ದೊಡ್ಡ ಕರುಳು ಉರಿದು ಹುಣ್ಣಾಗುವ ಕಾಯಿಲೆ, ನನಗೆ ಬಂದ ಎರಡನೇ ವರ್ಷ, ಆರಾಮಾಗಿದ್ದೇನೆ ಅಂತ ಎಲ್ಲ ಬಿಟ್ಟೆ. ನಾಲ್ಕು ತಿಂಗಳಾಗಿತ್ತು. ಯಶವಂತಪುರದಿಂದ ಮೆಜೆಸ್ಟಿಕ್ ಬಸ್ಸು ಹತ್ತಿದ್ದೆ, ದಾರಿಯಲ್ಲಿ ಹೊಟ್ಟೆ ಹಿಂಡಿತು, ಮಲ್ಲೇಶ್ವರಂ ಸರ್ಕಲ್ಲಿನಲ್ಲಿ ಇಳಿದು ಕಣ್ಣಿಗೆ ಬಿದ್ದ ಹೋಟೆಲಿಗೆ ಓಡಿದೆ. ಕಮೋಡಿನ ತುಂಬ ರಕ್ತ. ಗೋಡೆ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ.

ಆಮೇಲೆ ಈ ಕಾಯಿಲೆಯ ಬಗ್ಗೆ ಕೂತು ಓದಿದೆ. ನಮ್ಮ ಬಿಳಿ ರಕ್ತಕಣಗಳಲ್ಲಿ ಟಿ ಕಣ ಅಂತ ಒಂದು ಬಗೆ ಇದೆ. ಎದೆ ಮೂಳೆಯ ಹಿಂದಿರುವ ಥೈಮಸ್ ಅನ್ನುವ ಗ್ರಂಥಿಯಲ್ಲಿ ಪಳಗಿ ಬರುತ್ತವೆ. ಕರುಳಿನಲ್ಲಿ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾ ಇರುತ್ತವಲ್ಲ, ಅವುಗಳ ಮೇಲೆಲ್ಲ ಏರಿ ಹೋಗದ ಹಾಗೆ ಟಿ ಕಣಗಳಲ್ಲೇ ಕೆಲವು ಉಳಿದವನ್ನು ತಡೆದು ನಿಲ್ಲಿಸುತ್ತವೆ. 1990ರ ದಶಕದಲ್ಲಿ ಇಲಿಗಳ ಮೇಲೆ ಇದನ್ನು ನೋಡಿದರು. ತಡೆಯುವ ಕಣಗಳನ್ನು ಬಿಟ್ಟು ಬರೀ ಹೋರಾಡುವ ಕಣಗಳನ್ನು ಕೊಟ್ಟ ಇಲಿಗೆ ದೊಡ್ಡ ಕರುಳು ಉರಿದು ಹುಣ್ಣಾಯಿತು, ಎರಡನ್ನೂ ಕೊಟ್ಟ ಇಲಿಗೆ ಏನೂ ಆಗಲಿಲ್ಲ. ಈ ತಡೆಯುವ ಕಣಗಳ ಬಗ್ಗೆ ಮಾಡಿದ ಸಂಶೋಧನೆಗೇ 2025ರಲ್ಲಿ ವಿಜ್ಞಾನಿಗಳಾದ ಸಕಾಗುಚಿ, ಬ್ರಂಕೋ, ರಾಮ್ಸ್‌ಡೆಲ್ ಮೂವರಿಗೂ ನೊಬೆಲ್ ಬಂತು.

ನಮ್ಮಂಥವರಲ್ಲಿ ಆ ಹಿಡಿತ ತಪ್ಪಿದೆ. ಟಿ ಕಣಗಳು ಟಿಎನ್‌ಎಫ್‌ನಂಥ ಉರಿಯೂತದ ವಸ್ತು ಸುರಿಸುತ್ತವೆ, ಅದು ಇನ್ನಷ್ಟು ಕಣಗಳನ್ನು ಅಲ್ಲಿಗೆ ಕರೆಸುತ್ತದೆ, ಕರುಳಿನ ಒಳಪದರ ಹುಣ್ಣಾಗುತ್ತದೆ. ಕ್ಯಾಂಟೀನ್ ಊಟದಿಂದ ಬಂತು, ರಾತ್ರಿ ಶಿಫ್ಟಿನಿಂದ ಬಂತು ಅಂತ ನಿನ್ನನ್ನು ನೀನೇ ಬೈದುಕೊಳ್ಳಬೇಡ.

ಮುಖ್ಯ ಮಾತು ಇದು. ಹುಣ್ಣು ಮಾಯ್ದ ಮೇಲೂ ಕೆಲವು ಟಿ ಕಣಗಳು ಹಳೆಯದನ್ನು ನೆನಪಿಟ್ಟುಕೊಂಡು ಕರುಳಿನ ಗೋಡೆಯಲ್ಲೇ ಉಳಿದುಬಿಡುತ್ತವೆ. ಬೂದಿ ಮುಚ್ಚಿದ ಕೆಂಡ. ನಿನಗೆ ನೋವಿಲ್ಲ ಅಂದರೆ ಕೆಂಡ ಆರಿದೆ ಅಂತಲ್ಲ ಕಣೋ.

ನಾಳೆಯೇ ನಿನ್ನ ಗ್ಯಾಸ್ಟ್ರೋ ಡಾಕ್ಟರಿಗೆ ಫೋನ್ ಮಾಡು. ಮೂರು ವಾರ ಬಿಟ್ಟಿದ್ದೆ ಅಂತ ಮುಚ್ಚಿಡದೆ ಹೇಳು. ಮಲದ ಕ್ಯಾಲ್ಪ್ರೊಟೆಕ್ಟಿನ್ ಪರೀಕ್ಷೆ ಬೇಕಾ ಅಂತಲೂ ಕೇಳು, ಒಳಗೆ ಉರಿಯೂತ ಇದ್ದರೆ ಅದರಲ್ಲಿ ಸುಳಿವು ಸಿಗುತ್ತದೆ. ಮುಂದೆ ಸ್ಟೀರಾಯ್ಡ್ ಬರೆದರೆ ನಿನ್ನಷ್ಟಕ್ಕೆ ನೀನೇ ತಟ್ಟನೆ ನಿಲ್ಲಿಸಬೇಡ. ಇಂಜೆಕ್ಷನ್ ಅಂದರೂ ಗಾಬರಿ ಬೇಡ. ಟಿ ಕಣಗಳು ರಕ್ತನಾಳದಿಂದ ಕರುಳಿಗೆ ಇಳಿಯಲು ಆಲ್ಫಾ-4 ಬೀಟಾ-7 ಅನ್ನುವ ಕೊಕ್ಕೆ ಬಳಸುತ್ತವೆ, ವೆಡೊಲಿಜುಮಾಬ್ ಅನ್ನುವ ಇಂಜೆಕ್ಷನ್ ಆ ಕೊಕ್ಕೆಯನ್ನೇ ಮುಚ್ಚುತ್ತದೆ. ಟಿಎನ್‌ಎಫ್ ತಡೆಯುವ ಔಷಧಿಯಾದರೆ ಮೊದಲು ಟಿಬಿ ಪರೀಕ್ಷೆ ಆಗಲೇಬೇಕು. ನಮ್ಮಲ್ಲಿ ಎಷ್ಟೋ ಜನರ ಮೈಯಲ್ಲಿ ಟಿಬಿ ಅಡಗಿರುತ್ತದೆ, ಅದನ್ನು ಅದುಮಿಡುವುದಕ್ಕೂ ಅದೇ ಟಿಎನ್‌ಎಫ್ ಬೇಕು.

ಭಾನುವಾರ ಮನೆಗೆ ಬಾ. ಸಂಪಿಗೆ ರಸ್ತೆ ಮೆಟ್ರೋದಲ್ಲಿ ಇಳಿ, ನಾನೇ ಬಂದು ನಿಂತಿರುತ್ತೇನೆ. ಅತ್ತೆ ಹೆಸರುಬೇಳೆ ತೊವ್ವೆ, ಮೆತ್ತಗಿನ ಅನ್ನ ಮಾಡಿರುತ್ತಾಳೆ. ಕೊಲೊನೊಸ್ಕೋಪಿ ರಿಪೋರ್ಟು, ಮಾತ್ರೆಯ ಸ್ಟ್ರಿಪ್ಪು ಎರಡನ್ನೂ ತಗೊಂಡು ಬಾ.

ನಿನ್ನ ಮಾಮ
ಮಲ್ಲೇಶ್ವರಂ