ಎಮ್ಮೆಗೆ ಹೊಡೆದ ಸದ್ದು

ಮೂಡಿಗೆರೆ
ಗುರುವಾರ ರಾತ್ರಿ

ಚಿ. ಸೌ. ಪುಟ್ಟಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ಅಣ್ಣ ಪ್ರತಿ ಭಾನುವಾರ ಫೋನಿನಲ್ಲಿ ಒಪ್ಪಿಸಿಯೇ ಇರುತ್ತಾನೆ, ನನ್ನ ಮಂಡಿನೋವಿನ ಸಮೇತ. ಆದ್ದರಿಂದ ಅದನ್ನು ಬಿಡುತ್ತೇನೆ.

ನಿನ್ನ ಕಾಗದ ಸೋಮವಾರ ಕೈಸೇರಿತು. ಅಮೆರಿಕದ ಲೂಸಿಯಾನಾದಲ್ಲಿ ನೀವು ನೋಡಿದ ತೋಟದ ಮನೆಗಳ ವರ್ಣನೆಯೇ ಮೂರು ಪುಟ. ನಾಲ್ಕನೆಯ ಪುಟದಲ್ಲಿ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದೀಯೆ: "ನಮ್ಮ ಅಜ್ಜಯ್ಯನ ತೋಟದಲ್ಲೂ ಹೀಗೆ ಗುಲಾಮರು ಇದ್ದರಾ ಎಂದು ಮರಿ ಕೇಳಿದ. ಛೆ, ಇಲ್ಲಪ್ಪ ಎಂದುಬಿಟ್ಟೆ. ಆವತ್ತಿನಿಂದ ಅವನು ನನ್ನನ್ನು ಏನನ್ನೂ ಕೇಳುತ್ತಿಲ್ಲ ಅತ್ತೆ." ಮೂರು ಪುಟವನ್ನು ಒಂದು ಸಲ ಓದಿದೆ. ಈ ಅಂಚಿನ ಸಾಲುಗಳನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಏನನ್ನೂ ಕೇಳುತ್ತಿಲ್ಲ ಎಂದರೆ ಹೇಗೆ? ಊಟಕ್ಕೆ ಏನು, ಶಾಲೆಗೆ ರಜೆ ಯಾವಾಗ, ಅದೂ ಇಲ್ಲವೇ? ಅಥವಾ ಅದೆಲ್ಲ ಕೇಳುತ್ತಾನೆ, ಬೇರೆಯದನ್ನು ಕೇಳುವುದಿಲ್ಲವೇ? ಎರಡನೆಯದಾದರೆ ನನಗೆ ಹೆಚ್ಚು ಹೆದರಿಕೆ.

ಅವನ ಫೋಟೋವನ್ನು ಭೂತಗನ್ನಡಿ ಹಿಡಿದು ನೋಡಿದೆ. ವಿಟ್ನಿ ತೋಟದ ಆ ಹಳೆಯ ಚರ್ಚಿನೊಳಗೆ, ಬೆಂಚುಗಳ ನಡುವೆ, ಮಣ್ಣಿನಲ್ಲಿ ಮಾಡಿದ ಗುಲಾಮ ಹುಡುಗನ ಪಕ್ಕದಲ್ಲಿ ನಿಂತಿದ್ದಾನೆ. ಇಬ್ಬರದೂ ಒಂದೇ ಎತ್ತರ. ಮಣ್ಣಿನ ಹುಡುಗನ ಕಣ್ಣುಗಳ ಜಾಗದಲ್ಲಿ ಬರೀ ಟೊಳ್ಳು. ನಮ್ಮವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಾನೆ, ಮುಟ್ಟಬೇಡ ಎಂದು ನೀನು ಹೇಳಿದ್ದಿರಬೇಕು. ಒಂಬತ್ತು ವರ್ಷದವನು ತನ್ನಷ್ಟೇ ಎತ್ತರದ ಇನ್ನೊಬ್ಬನನ್ನು ಕಂಡರೆ ಕೇಳದೆ ಏನು ಮಾಡುತ್ತಾನೆ? ಬೆಳಿಗ್ಗೆ ಓಕ್ ಆಲಿ ತೋಟದಲ್ಲಿ ಕೇಳಲಿಲ್ಲ, ಮಧ್ಯಾಹ್ನ ಇಲ್ಲಿ ಕೇಳಿದ ಎಂದು ಬರೆದಿದ್ದೀಯೆ. ಅದೇನೂ ಆಶ್ಚರ್ಯವಲ್ಲ. ಓಕ್ ಆಲಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು 28 ಮರಗಳ ಸಾಲು, ಅದರ ತುದಿಯಲ್ಲಿ ಬಿಳಿಯ ಕಂಬಗಳ ಮನೆ, ಮದುವೆಯ ಫೋಟೋ ತೆಗೆಸಿಕೊಳ್ಳುವವರು. ಅಲ್ಲಿ ಯಾರಿಗೆ ತಾನೇ ಪ್ರಶ್ನೆ ಹುಟ್ಟುತ್ತದೆ? ಅಲ್ಲಿಯ ಒಂದು ಸಂಗತಿ ಮಾತ್ರ ನನ್ನ ಮನಸ್ಸಿನಲ್ಲಿ ನಿಂತಿತು, ತೋಟದಲ್ಲಿ ಬೆಳೆದವಳಾದ್ದರಿಂದ. 1846ರ ಸುಮಾರಿಗೆ ಆಂಟ್ವಾನ್ ಎಂಬ ಗುಲಾಮ ತೋಟಗಾರ ಅಲ್ಲಿ ಅಕ್ರೋಟಿನ ಜಾತಿಯ ಪೆಕನ್ ಮರಕ್ಕೆ ಕಸಿ ಕಟ್ಟಿದ. ತೆಳುಸಿಪ್ಪೆಯ ಆ ಕಾಯಿ 1876ರಲ್ಲಿ ಫಿಲಡೆಲ್ಫಿಯಾದ ಪ್ರದರ್ಶನದಲ್ಲಿ ಬಹುಮಾನ ಪಡೆಯಿತು. ಕಸಿ ಕಟ್ಟಿದವನಿಗೆ ಬರೀ ಆಂಟ್ವಾನ್ ಎಂಬ ಒಂಟಿ ಹೆಸರು, ಹಿಂದೆ ಮುಂದೆ ಏನೂ ಇಲ್ಲ.

ವಿಟ್ನಿಯಲ್ಲಿ ಹಾಗಲ್ಲ. 2014ರಲ್ಲಿ ಅದನ್ನು ವಸ್ತುಸಂಗ್ರಹಾಲಯವಾಗಿ ತೆರೆದಾಗಿನಿಂದಲೂ ಯಜಮಾನರ ಮನೆ ಅಲ್ಲಿ ಹಿಂದಿನ ಸಾಲಿನದು. ಗೋಡೆಗಳಲ್ಲಿ ಲೂಸಿಯಾನಾದ 1,07,000 ಗುಲಾಮರ ಹೆಸರುಗಳನ್ನು ಕೆತ್ತಿದ್ದಾರೆ. ವಿಟ್ನಿ ಇರುವ ಆ ಒಂದು ಪ್ಯಾರಿಷಿನಲ್ಲೇ, ಎಂದರೆ ನಮ್ಮ ಜಿಲ್ಲೆಯಂಥದರಲ್ಲೇ, ಎಳೆತನದಲ್ಲಿ ತೀರಿಕೊಂಡ 2,200 ಗುಲಾಮ ಮಕ್ಕಳಿಗೆ ಬೇರೆಯೇ ಸ್ಮಾರಕವಿದೆ. ಕಬ್ಬಿನ ಹಾಲು ಕಾಯಿಸುತ್ತಿದ್ದ ಕಬ್ಬಿಣದ ಕೊಪ್ಪರಿಗೆಗಳ ಚಿತ್ರವನ್ನೂ ಕಳಿಸಿದ್ದೀಯೆ. ನಮ್ಮ ಆಲೆಮನೆಯ ಕೊಪ್ಪರಿಗೆಗೂ ಅದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಅಲ್ಲಿ ಚಳಿಗೆ ಇಬ್ಬನಿ ಹೆಪ್ಪುಗಟ್ಟುವ ಮೊದಲೇ ಕಬ್ಬು ಮುಗಿಯಬೇಕು, ಹಗಲೂ ರಾತ್ರಿ ಒಲೆ ಆರುವಂತಿಲ್ಲ, ನಿದ್ದೆಗಣ್ಣಿನಲ್ಲಿ ಗಾಣಕ್ಕೆ ಕೈ ಕೊಟ್ಟವರು ಕೈಯನ್ನೇ ಕಳೆದುಕೊಂಡರು.

ನೋಡು, ಮತ್ತೆ ಪಾಠ ಮಾಡತೊಡಗಿದೆ. 34 ವರ್ಷದ ಚಾಳಿ. ಹೇಳಬೇಕಾದದ್ದನ್ನು ಹೇಳಲು ಹೆದರಿದಾಗಲೆಲ್ಲ ನಾನು ಇಸವಿಗಳ ಹಿಂದೆ ಅಡಗಿಕೊಳ್ಳುತ್ತೇನೆ.

ಪುಟ್ಟಿ, ನೀನು "ಇಲ್ಲ" ಎಂದದ್ದು ಸುಳ್ಳು. ನಿನಗೆ ಅದು ಗೊತ್ತಿರಲಿಲ್ಲ, ಅದಕ್ಕೆ ನಿನ್ನದು ತಪ್ಪಲ್ಲ. ನಿನಗೆ ಗೊತ್ತಾಗದಂತೆ ನೋಡಿಕೊಂಡವರಲ್ಲಿ ನಾನೂ ಒಬ್ಬಳು.

ನನಗೆ ಆಗ ಹನ್ನೊಂದು. ಅಣ್ಣ ಚಿಕ್ಕಮಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದ, ಅವನಿಗೆ ಇದು ಗೊತ್ತಿಲ್ಲ. ನಮ್ಮಲ್ಲಿ ದನ ಕಾಯಲು ಕೇರಿಯ ಹುಡುಗನೊಬ್ಬ ಇದ್ದ, ನನಗಿಂತ ಒಂದು ವರ್ಷಕ್ಕೆ ಚಿಕ್ಕವನಿರಬೇಕು. ಅವನ ಅಪ್ಪ ಅಪ್ಪಯ್ಯನ ಹತ್ತಿರ 140 ರೂಪಾಯಿ ತೆಗೆದುಕೊಂಡಿದ್ದ, ಅದು ತೀರುವವರೆಗೆ ಮಗ ನಮ್ಮ ಕೊಟ್ಟಿಗೆಯಲ್ಲಿ. ಜೀತ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. "ಇದ್ದಾನೆ" ಎನ್ನುತ್ತಿದ್ದರು, ಅಷ್ಟೇ. "ಕೊಟ್ಟಿಗೆಗೆ ಒಬ್ಬ ಇದ್ದಾನೆ." ಅವನ ಕಾಫಿಗೆ ಬಚ್ಚಲಿನ ಗೋಡೆಯ ಮೇಲೆ ಒಂದು ತೆಂಗಿನ ಚಿಪ್ಪು ಇರುತ್ತಿತ್ತು. ಅಮ್ಮ ಮೇಲಿನಿಂದ ಹೊಯ್ಯುತ್ತಿದ್ದಳು, ತಾಗದ ಹಾಗೆ. ಅವಳು ಕಾಫಿಗೆ ಬೆಲ್ಲ ಮಾತ್ರ ಧಾರಾಳವಾಗಿ ಹಾಕುತ್ತಿದ್ದಳು, ಅದನ್ನೂ ಹೇಳಬೇಕು.

ಒಂದು ಕುಯ್ಲಿನ ಕಾಲದಲ್ಲಿ ಅವನು ಓಡಿಹೋದ. ಘಟ್ಟದ ಕೆಳಗಿನಿಂದ ಸೇರೆಗಾರ ಕರೆತಂದ ಆಳುಗಳ ಜೊತೆ ಸೇರಿ ಮಂಗಳೂರಿನ ಕಡೆಗೆ ಹೋಗುವುದು ಅವನ ಯೋಚನೆಯಾಗಿತ್ತೆಂದು ಆಮೇಲೆ ತಿಳಿಯಿತು. ಅವರು ಹೊರಡಲು ಇನ್ನೂ ಎರಡು ದಿನವಿತ್ತು. ಅಲ್ಲಿಯವರೆಗೆ ಕಣದ ಪಕ್ಕದ ಗೋದಾಮಿನಲ್ಲಿ, ಗೋಣಿಚೀಲಗಳ ಹಿಂದೆ ಕೂತಿದ್ದ. ನಾನು ಬೆಕ್ಕಿನ ಮರಿ ಹುಡುಕಿಕೊಂಡು ಅಲ್ಲಿಗೆ ಹೋದೆ. ಅವನು ನನ್ನನ್ನು ನೋಡಿದ. ಬಾಯಿಯ ಮೇಲೆ ಬೆರಳಿಡಲೂ ಇಲ್ಲ, ಸುಮ್ಮನೆ ನೋಡಿದ. ನಾನು ಹೊರಗೆ ಬಂದು, ಜಗಲಿಯಲ್ಲಿ ಲೆಕ್ಕ ಬರೆಯುತ್ತಿದ್ದ ಅಪ್ಪಯ್ಯನಿಗೆ ಹೇಳಿದೆ. ಯಾರೂ ಕೇಳಿರಲಿಲ್ಲ. ಓಡಿಹೋಗಿ ಹೇಳಿದೆ, ಹಾಸನದಿಂದ ಬಂದ ಮಾವನಿಗೆ ಮಗ್ಗಿ ಒಪ್ಪಿಸಿದ ಹಾಗೆ. ಅಪ್ಪಯ್ಯ ನನ್ನ ತಲೆ ಸವರಿದರು.

ಸಂಜೆ ಕೊಟ್ಟಿಗೆಯ ಕಡೆಯಿಂದ ಸದ್ದು ಬರುತ್ತಿತ್ತು. ಅಮ್ಮ ಒಲೆಯ ಮುಂದೆ ಇದ್ದಳು. "ಅಮ್ಮ, ಅವನಿಗೆ ಹೊಡೆಯುತ್ತಿದ್ದಾರಾ?" ಎಂದು ಕೇಳಿದೆ. ಅವಳು ತಿರುಗಲಿಲ್ಲ. "ಛೆ, ಇಲ್ಲವೇ. ಎಮ್ಮೆ ಹಾಲು ಕೊಡುತ್ತಿಲ್ಲ, ಎಮ್ಮೆಗೆ ಹೊಡೆಯುತ್ತಿದ್ದಾರೆ" ಎಂದಳು.

ಮಾರನೆಯ ದಿನ ಅವನು ಸಗಣಿ ಬುಟ್ಟಿಯನ್ನು ಎಡಗೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದ. ಅವನದು ಬಲಗೈ ರೂಢಿ. ನಾನು ಅಮ್ಮನನ್ನು ಮತ್ತೆ ಕೇಳಲಿಲ್ಲ. ಆ ವಿಷಯವನ್ನಷ್ಟೇ ಅಲ್ಲ, ಅಂಥ ಯಾವುದನ್ನೂ ಕೇಳಲಿಲ್ಲ. ಅವಳು 1988ರಲ್ಲಿ ತೀರಿಕೊಂಡಳು. ಕೊನೆಯ ಎರಡು ತಿಂಗಳು ರಾತ್ರಿಯೆಲ್ಲ ಅವಳ ಹಾಸಿಗೆಯ ಪಕ್ಕದಲ್ಲಿ ಕೂತಿದ್ದೇನೆ. ಆಗಲೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮರಿ ಸುಮ್ಮನಾಗಿದ್ದಾನೆ ಎಂದು ನೀನು ಬರೆದಾಗ ನನಗೆ ಯಾಕೆ ನಿದ್ದೆ ಬರುತ್ತಿಲ್ಲ ಎಂದು ಈಗ ಗೊತ್ತಾಗಿರಬೇಕು. ನೀನು "ಛೆ" ಎಂದು ಶುರುಮಾಡಿದ್ದೀಯೆ. ಅಮ್ಮನೂ ಅಲ್ಲಿಂದಲೇ ಶುರುಮಾಡಿದ್ದಳು.

ಮಕ್ಕಳು ಸುಳ್ಳನ್ನು ಮಾತಿನಲ್ಲಿ ಹಿಡಿಯುವುದಿಲ್ಲ, ಉತ್ತರ ಬಂದ ಅವಸರದಲ್ಲಿ ಹಿಡಿಯುತ್ತಾರೆ. ತರಗತಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಆದರೆ ನಾನು ಮಕ್ಕಳನ್ನು ಹೆತ್ತು ಸಾಕಿದವಳಲ್ಲ, ನನ್ನ ಮಾತಿಗೆ ಎಷ್ಟು ತೂಕ ಕೊಡಬೇಕೋ ಅಷ್ಟೇ ಕೊಡು.

ಇನ್ನೊಂದು ನಾಚಿಕೆಯನ್ನೂ ಹೇಳಿಬಿಡುತ್ತೇನೆ. ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ "1863ರ ಜನವರಿ 1, ಲಿಂಕನ್, ಗುಲಾಮರ ವಿಮೋಚನೆ" ಎಂದು ಬರೆಸುತ್ತಿದ್ದೆ. ಎರಡು ಅಂಕದ ಪ್ರಶ್ನೆ. ನಿನ್ನ ಕಾಗದ ಬಂದ ಮೇಲೆ ಗ್ರಂಥಾಲಯಕ್ಕೆ ಹೋಗಿ ಆ ಘೋಷಣೆಯನ್ನು ಮೊದಲ ಸಲ ಪೂರ್ತಿ ಓದಿದೆ. ಲೂಸಿಯಾನಾದ ಹದಿಮೂರು ಪ್ಯಾರಿಷ್‌ಗಳಿಗೆ ಅದು ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಬರೆದಿದೆ, ಲಿಂಕನ್ನರ ಸೈನ್ಯ ಆಗಲೇ ಹಿಡಿದಿದ್ದ ಪ್ರದೇಶವೆಂದು. ಆ ಪಟ್ಟಿಯಲ್ಲಿ ಸೇಂಟ್ ಜಾನ್ ಇದೆ. ನೀವು ನಿಂತಿದ್ದ ಜಾಗವೇ! ಅಲ್ಲಿಯವರಿಗೆ ಕಾಗದದ ಮೇಲೆ ಬಿಡುಗಡೆಯಾದದ್ದು 1864ರಲ್ಲಿ, ಆ ರಾಜ್ಯದ ಹೊಸ ಸಂವಿಧಾನದಿಂದ. ಅದರ ಮೇಲೂ ತೋಟದ ಅಂಗಡಿಯ ಸಾಲದ ಪುಸ್ತಕ ಅವರನ್ನು ಕಟ್ಟಿಹಾಕಿತ್ತು. ಸಾಲದ ಪುಸ್ತಕ ಎಂದು ಓದಿದಾಗ ಅಲ್ಲೇ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತೆ.

ನಮ್ಮ ದೇಶದಲ್ಲಿ ಜೀತ ರದ್ದತಿಯ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರಿನಲ್ಲಿ, ಕಾಯ್ದೆಯಾದದ್ದು 1976ರಲ್ಲಿ. ನಾನು ಆಗಲೇ ಮೇಷ್ಟರಗಿತ್ತಿ. ತರಗತಿಯಲ್ಲಿ ಲಿಂಕನ್ನರ ಬಗ್ಗೆ ಬಾಯ್ತುಂಬ ಹೇಳಿದವಳು ಇದರ ಬಗ್ಗೆ ಒಂದು ಸಾಲು ಹೇಳಲಿಲ್ಲ. ಕೊನೆಯ ಬೆಂಚಿನಲ್ಲಿ ಯಾರ ಮಕ್ಕಳು ಕೂತಿದ್ದರು ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಹೇಳಲಿಲ್ಲ.

ಅಪ್ಪಯ್ಯನ ಮುಂಗಡದ ಪುಸ್ತಕ ನನ್ನ ಟ್ರಂಕಿನಲ್ಲಿದೆ. 1958ರ ಪುಟದಲ್ಲಿ 140 ರೂಪಾಯಿ, ಅವನ ಅಪ್ಪನ ಹೆಸರು, ಮುಂದೆ "ಹುಡುಗ ಒಬ್ಬ". ಎಂಟು ವರ್ಷದ ನಂತರ ಅವನ ಸ್ವಂತ ಹೆಸರು ಮೊದಲ ಸಲ ಬರುತ್ತದೆ, ಮದುವೆಗೆ ಅವನೇ ಪಡೆದ ಸಾಲದ ಲೆಕ್ಕದಲ್ಲಿ. 1976ರಲ್ಲಿ ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ, ಪಕ್ಕದಲ್ಲಿ "ವಜಾ". ಅಪ್ಪಯ್ಯನ ಕೈಬರಹ ಎಂದಿಗೂ ದುಂಡು. ಆ ಒಂದು ಪದ ಮಾತ್ರ ಕಾಗದ ಹರಿಯುವಷ್ಟು ಒತ್ತಿ ಬರೆದದ್ದು. ಅವನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವನ ಮಕ್ಕಳು ಊರಿನಲ್ಲೇ ಇದ್ದಾರೆ, ಅವರನ್ನು ಕೇಳದೆ ಬರೆಯುವುದು ಸರಿಯಲ್ಲ.

ಅವನು ತೀರಿಹೋಗುವುದಕ್ಕೆ ಒಂದೆರಡು ವರ್ಷದ ಮೊದಲು ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದ. ಎದ್ದು ನನಗೆ ಜಾಗ ಬಿಟ್ಟುಕೊಟ್ಟ. "ಚೆನ್ನಾಗಿದ್ದೀರಾ ಅಮ್ಮಾ?" ಎಂದ. ನಾನು ಈ ಸಲ ಮಳೆ ಜಾಸ್ತಿಯಾಯಿತಲ್ಲ ಎಂದೆ. ಅವನೂ ಹೌದು ಎಂದ. ಸಕಲೇಶಪುರದ ಬಸ್ ಬರಲು ಅರ್ಧ ಗಂಟೆಯಿತ್ತು. ಅಷ್ಟೂ ಹೊತ್ತು ಇಬ್ಬರೂ ಮಳೆಯ ಬಗ್ಗೆಯೇ ಮಾತನಾಡಿದೆವು.

ನೀನು ಕೇಳಿದ್ದು ಮರಿಗೆ ಏನು ಹೇಳಲಿ ಎಂದು. ಪಾಠ ಮಾಡಿದವಳಿಗೆ ಇದಕ್ಕೆ ಉತ್ತರ ಗೊತ್ತಿರಬೇಕಿತ್ತು. ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳಬೇಡ ಎಂದು ಮಾತ್ರ ಅನ್ನಿಸುತ್ತದೆ. ಬಟಾಣಿ ಬಿಡಿಸುವಾಗಲೋ ಬಟ್ಟೆ ಮಡಿಸುವಾಗಲೋ, ಅವನ ಕೈಗೂ ಒಂದು ಕೆಲಸ ಇರುವಾಗ ಹೇಳು. "ಆವತ್ತು ಇಲ್ಲ ಎಂದೆನಲ್ಲ, ನನಗೆ ಗೊತ್ತಿರಲಿಲ್ಲ, ಅತ್ತೆಯನ್ನು ಕೇಳಿದೆ, ಇದ್ದರಂತೆ" ಎಂದರೆ ಸಾಕೇನೋ. ಮುಂದಿನದನ್ನು ಅವನು ಕೇಳಲಿ. ಕೇಳದಿದ್ದರೆ? ಅದೇ ನನ್ನ ಹೆದರಿಕೆ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಎರಡನೆಯ ಸಲ ಹೇಳಬೇಕಾಗಬಹುದು. ರಾತ್ರಿ ಮಲಗುವ ಹೊತ್ತಿನಲ್ಲಿ ಬೇಡ.

ಎರಡೂ ಒಂದೇ ಎಂದೂ ಹೇಳಬೇಡ. ನಮ್ಮ ಹುಡುಗನನ್ನು ಯಾರೂ ಹರಾಜಿನಲ್ಲಿ ಕೂಗಲಿಲ್ಲ, ಅವನ ತಾಯಿಯ ಗುಡಿಸಲು ಕೂಗಳತೆಯಲ್ಲಿತ್ತು. ಅಲ್ಲಿ ತಾಯಿಯಿಂದ ಕಿತ್ತು ಮಾರಿದರು. ಅದು ಬೇರೆ, ಇದು ಬೇರೆ. ಆದರೆ "ಬೇರೆ" ಎಂದು ಹೇಳಿದಾಗಲೆಲ್ಲ ನನ್ನ ದನಿ ಸ್ವಲ್ಪ ಹಗುರಾಗುತ್ತದೆ, ಅದನ್ನು ನಾನೇ ನಂಬುವುದಿಲ್ಲ. ಮಕ್ಕಳ ಮುಂದೆ ಆ ಮಾತನ್ನು ಮೊದಲಿಗೆ ಆಡದಿದ್ದರೆ ಒಳ್ಳೆಯದು.

ಅಣ್ಣನಿಗೆ ಸದ್ಯಕ್ಕೆ ಬೇಡ. ಅವನ ರಕ್ತದೊತ್ತಡ ನಿನಗೆ ಗೊತ್ತೇ ಇದೆ. ನಾನೇ ಹೇಳುತ್ತೇನೆ, ಯಾವಾಗ ಎಂದು ಕೇಳಬೇಡ.

ಡಿಸೆಂಬರಿನಲ್ಲಿ ಬರುವುದು ನಿಜವಾದರೆ ಪುಸ್ತಕವನ್ನು ಇಲ್ಲೇ ನೋಡಬಹುದು, ಅಂಚೆಗೆ ಹಾಕಲು ನನಗೆ ಧೈರ್ಯವಿಲ್ಲ, ಹಾಳೆ ಮುಟ್ಟಿದರೆ ಉದುರುತ್ತದೆ. ಹಳೆಯ ಮನೆಯನ್ನು ಈಗ ಹೋಮ್‌ಸ್ಟೇ ಮಾಡಿದ್ದಾರಲ್ಲ, ಬಂದವರು ಅಪ್ಪಯ್ಯನ ಆರಾಮಕುರ್ಚಿಯಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಗೋದಾಮು ಊಟದ ಕೋಣೆಯಾಗಿದೆ. ಕೊಟ್ಟಿಗೆ ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದ್ದಾರೆ, ಆದರೆ ಎಮ್ಮೆ ಕಟ್ಟುತ್ತಿದ್ದ ಕಲ್ಲಿನ ಗೂಟ ಕೀಳಲು ಬಾರದೆ ಹಾಗೇ ಉಳಿದಿದೆ. ಮರಿಗೆ ಅದನ್ನು ತೋರಿಸುತ್ತೇನೆ. ನನ್ನ ಮಂಡಿ ಅಷ್ಟು ದೂರ ನಡೆಯುತ್ತದೆ.

ನಿನ್ನ ಅತ್ತೆ

ತಾಜಾ ಕಲಂ: ಅವನು ಏನಾದರೂ ಕೇಳಿದರೆ, ಎಂಥ ಸಣ್ಣದಾದರೂ ಸರಿ, ಕೂಡಲೇ ಬರೆ. ಫೋನಾದರೂ ಮಾಡು. ಹೊತ್ತು ನೋಡಬೇಡ, ಹೇಗೂ ಎಚ್ಚರವಿರುತ್ತೇನೆ.